ನಿಜಗುಣಪ್ಪನವರ ಬಿ.ಎಸ್.ಎ. ಗುಡ್ಡ ಹತ್ತಿದ ಸಂಗತಿ

ಬೈಲಹೊಂಗಲ
೧೮-೨-೧೯೭೪

ರಾಮದುರ್ಗದಲ್ಲಿರುವ ತೀರ್ಥಸ್ವರೂಪರಾದ ಅಣ್ಣ ದಿಗಂಬರಾಚಾರ್ಯರ ಪಾದಗಳಿಗೆ ತಮ್ಮ ಪಾಂಡುರಂಗನ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ವೈನಿಯವರ ಮೊಣಕಾಲು ನೋವು ಹೇಗಿದೆ? ಕಮಲಾ ಎಳ್ಳೆಣ್ಣೆಯಲ್ಲಿ ಏನೋ ಕಾಸಿ ಶೀಸೆಯಲ್ಲಿ ತುಂಬಿಟ್ಟಿದ್ದಾಳೆ, ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇನೆ. ನಿಮ್ಮ ಪತ್ರಕ್ಕೆ ಉತ್ತರ ಬರೆಯುವುದು ತಡವಾಯಿತು. ಸಿಟ್ಟಾಗಬೇಡಿ. ಹತ್ತಿಯ ಸುಗ್ಗಿ ನಡೆದಿದೆ. ಪೇಟೆಗೆ ಬಂದ ಟ್ರ್ಯಾಕ್ಟರುಗಳೆಲ್ಲ ನನ್ನ ಗ್ಯಾರೇಜಿನ ಮುಂದೆಯೇ ಬಂದು ಕೆಡಬೇಕೆಂದು ಹರಕೆ ಹೊತ್ತ ಹಾಗೆ ನಿಂತುಬಿಡುತ್ತವೆ.

ಮನೋಳಿಯ ಬಾಳಕೃಷ್ಣರಾಯರ ಮಗನಿಗೆ ನನ್ನ ಮಗಳು ಲೀಲಾಳನ್ನು ಕೊಡುತ್ತೇವೆಂದು ಮಾತು ಕೊಟ್ಟಿರುವುದಾಗಿ ಬರೆದಿದ್ದೀರಿ. ಹುಡುಗಿ ಗ್ಯಾರೇಜಿನಲ್ಲಿ ಕೆಲಸ ಮಾಡುವುದು ಅವರ ಕಿವಿಗೆ ಬೀಳದಿರಲಿ ಎಂದೂ ಬರೆದಿದ್ದೀರಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಸಂತೋಷದ ಸುದ್ದಿ ಹೇಳದಿದ್ದರೆ ನನಗೆ ಕೈ ಓಡುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ನಗುವವರೇ, ನಗಿರಿ. ಪೂರ್ತಿ ಓದಿ ಆಮೇಲೆ ನಗಿರಿ.

ಸಂಗೊಳ್ಳಿಯ ನಿಜಗುಣಪ್ಪನವರು ನಿಮಗೆ ಗೊತ್ತಲ್ಲ. ಅವರ ತಂದೆ ಕೊಂಡ ಹಳೆಯ ಬಿ.ಎಸ್.ಎ. ಮೋಟಾರುಸೈಕಲ್ಲನ್ನು ಅವರು ಮನೆಯ ಎತ್ತಿಗಿಂತ ಹೆಚ್ಚಾಗಿ ತಿಕ್ಕಿ ತೊಳೆಯುತ್ತಾರೆ. ಈ ಸಲ ಸವದತ್ತಿಯಲ್ಲಿ ಕೆಲವು ಹವ್ಯಾಸಿಗಳು ಸೇರಿ ಹಳೆಯ ಗಾಡಿಗಳ ಪೈಪೋಟಿ ಇಟ್ಟಿದ್ದರು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಊರಿನಿಂದ ಗುಡ್ಡ ಹತ್ತಬೇಕು, ಮೊದಲು ಹತ್ತಿದವರಿಗೆ ಬಹುಮಾನ. ಪೆಟ್ರೋಲಿನ ದರ ಹೀಗೆ ಏರಿರುವಾಗ ಇದೆಂಥ ಹುಚ್ಚು ಎಂದು ನೀವು ಗದರುತ್ತೀರಿ, ಗೊತ್ತು. ಹೋದ ವರ್ಷ ಕಿತ್ತೂರಿನ ಗೆಳೆಯರ ಎದುರು ಸೋತ ನಿಜಗುಣಪ್ಪನವರಿಗೆ ಆ ಅವಮಾನ ಇನ್ನೂ ಆರಿರಲಿಲ್ಲ. ಈ ಸಲವೂ ಸೋತರೆ ಗಾಡಿಯನ್ನು ಬೆಳಗಾವಿಯ ಗ್ಯಾರೇಜಿಗೆ ಒಯ್ಯುತ್ತೇನೆ ಎಂದು ಮುಖಕ್ಕೇ ಹೇಳಿದರು. ಅವರು ಹೋದರೆ ಸುತ್ತಲಿನ ಹಳ್ಳಿಯ ಗಾಡಿಗಳೂ ಅವರ ಹಿಂದೆಯೇ ಹೋಗುತ್ತವೆ.

ಪುಣೆಯ ಹಳೆ ಸಾಮಾನಿನ ಪೇಟೆಯಿಂದ ಅವರು ಎರಡು ಜೊತೆ ಕ್ಯಾಮುಗಳನ್ನು ತಂದಿದ್ದರು. ನಿಮಗೆ ಇದು ತಿಳಿಯಲೆಂದು ಸುಲಭವಾಗಿ ಹೇಳುತ್ತೇನೆ. ಎಂಜಿನ್ನಿಗೆ ಉಸಿರು ಒಳಗೆ ಬರಲು ಒಂದು ಬಾಗಿಲು, ಹೊರಗೆ ಹೋಗಲು ಒಂದು ಬಾಗಿಲು ಇರುತ್ತದೆ. ಅವೇ ವಾಲ್ವು. ಆ ಬಾಗಿಲನ್ನು ತಳ್ಳುವ ಮೊಟ್ಟೆಯಾಕಾರದ ಗಾಲಿ ಕ್ಯಾಮು. ಬಾಗಿಲು ಎಷ್ಟು ತೆರೆಯುತ್ತದೆ ಎಂಬುದು ಲಿಫ್ಟು. ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಬೇರೆಯೇ ಲೆಕ್ಕ. ತಂದ ಎರಡರಲ್ಲಿ ಒಂದು ರೇಸಿನ ಗಾಡಿಯದು, ಬಾಗಿಲನ್ನು ಹಾರು ಹೊಡೆದು ತೆರೆದು ಬಹಳ ಹೊತ್ತು ಹಾಗೇ ಬಿಡುವಂಥದು. ಇನ್ನೊಂದು ಮೂಲ ಕ್ಯಾಮಿಗಿಂತ ಸ್ವಲ್ಪ ಹೆಚ್ಚು ಎತ್ತುತ್ತದೆ, ಆದರೆ ಹೊತ್ತಿಗೆ ಸರಿಯಾಗಿ ಮುಚ್ಚುತ್ತದೆ.

ನಿಜಗುಣಪ್ಪನವರ ಕಣ್ಣು ರೇಸಿನದರ ಮೇಲೆಯೇ. “ದೊಡ್ಡದ ಹಾಕ್ರಿ ಆಚಾರ್ರ. ಬಾಗಲಾ ಎಷ್ಟ ತೆರದ್ರ ಅಷ್ಟ ಗಾಳಿ ಬರತೈತಿ” ಎಂದರು. ಬೆಳಗಾವಿ ರಸ್ತೆಯ ಮೇಲೆ ಒಬ್ಬರೇ ಹಾರಿಸಿಕೊಂಡು ಹೋಗುವುದಾದರೆ ಅದು ಸರಿ. ಆದರೆ ಗುಡ್ಡದ ತಿರುವಿನಲ್ಲಿ ಗಾಡಿ ನಿಧಾನವಾಗುತ್ತದೆ. ಹಿಂದೆ ಕೂರುವವರು ಅವರ ಗೆಳೆಯ ಮುದಕಪ್ಪ, ಹತ್ತಿಯ ಅಂಡಿಗೆಯಂಥ ಆಸಾಮಿ. ನಿಧಾನದಲ್ಲಿ ಬಾಗಿಲು ಹೊತ್ತು ಮೀರಿ ತೆರೆದಿದ್ದರೆ ಒಳಗೆ ಬಂದ ಉಸಿರು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ, ಎಂಜಿನ್ನು ಕೆಮ್ಮುತ್ತದೆ. ನಾನು ಹಟ ಹಿಡಿದು ಎರಡನೆಯದನ್ನೇ ಆರಿಸಿದೆ. ಜೊತೆಗೆ ಎಂಜಿನ್ನಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನನ್ನೂ ತಲೆ ಉಬ್ಬಿದ್ದನ್ನೇ ಹಾಕಿದೆ, ಎಳೆತ ಹೆಚ್ಚಲಿ ಎಂದು.

ಇನ್ನು ಒಂದೇ ಭಯ. ವಾಲ್ವು ಮೊದಲಿಗಿಂತ ಆಳಕ್ಕೆ ಇಳಿಯುತ್ತದೆ, ಪಿಸ್ಟನ್ನು ಮೊದಲಿಗಿಂತ ಮೇಲೆ ಬರುತ್ತದೆ. ಎರಡೂ ಡಿಕ್ಕಿ ಹೊಡೆದರೆ ಎಂಜಿನ್ನು ಅಲ್ಲಿಯೇ ಪುಡಿ. ಅದಕ್ಕೆ ನಮ್ಮದೊಂದು ಉಪಾಯವಿದೆ. ಪಿಸ್ಟನ್ನಿನ ತಲೆಯ ಮೇಲೆ ಮೆತ್ತಗಿನದೇನಾದರೂ ಮೆತ್ತಿ, ಮುಚ್ಚಿ, ಕೈಯಿಂದ ಮೆಲ್ಲಗೆ ತಿರುಗಿಸಿ ಮತ್ತೆ ಬಿಚ್ಚುವುದು. ವಾಲ್ವು ಒತ್ತಿದ ಕಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಡುವಿನ ಜಾಗ. ಅಂದು ಶುಕ್ರವಾರ, ಮನೆಯಲ್ಲಿ ಹೋಳಿಗೆ. ಕಮಲಾ ನಾದಿಟ್ಟ ಕಣಕದಲ್ಲಿ ಒಂದು ಉಂಡೆ ಎತ್ತಿಕೊಂಡು ಬಂದೆ. ಮಡಿಯ ಹಿಟ್ಟು ಮುಟ್ಟಿದೆನೆಂದು ಅವಳು ಒಲೆಯ ಮುಂದಿನಿಂದಲೇ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ. ಬಿಚ್ಚಿ ಅಳೆದೆ. ಬೇಕಾದಷ್ಟು ಜಾಗ. ಇನ್ನೇನು, ಕಟ್ಟಿಬಿಡೋಣ ಎಂದು ಪಾನಾ ಕೈಗೆತ್ತಿಕೊಂಡೆ.

ಲೀಲಾ ಆ ಕಣಕವನ್ನು ಬೆರಳಿನಿಂದ ಒತ್ತಿ ನೋಡುತ್ತ ನಿಂತಿದ್ದಳು. “ಅಪ್ಪಾ, ಇದು ಗೋದಿ. ಒತ್ತಿದ್ರ ತಿರುಗಿ ಉಬ್ಬತದ. ನೀ ಅಳದದ್ದು ಒತ್ತಿದ್ದನ್ನಲ್ಲ, ಉಬ್ಬಿದ್ದನ್ನ. ಜ್ವಾಳದ ಹಿಟ್ಟಿಗೆ ಜಿಗಿ ಇಲ್ಲ, ಒತ್ತಿದಲ್ಲೇ ಕೂಡತದ” ಎಂದಳು. ಲಟ್ಟಿಸಿದ ಚಪಾತಿ ಮಣೆಯ ಮೇಲೆಯೇ ಕುಗ್ಗುವುದನ್ನು ನಾನೂ ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಹೊಳೆಯಲಿಲ್ಲ. ಅವಳೇ ಹೋಗಿ ಕುದಿನೀರು ಹಾಕಿ ಜೋಳದ ಹಿಟ್ಟು ನಾದಿಕೊಂಡು ಬಂದಳು. ಅಪ್ಪನಿಗೆ ರೊಟ್ಟಿ ಇಲ್ಲ, ಎಂಜಿನ್ನಿಗೆ ಮೊದಲ ರೊಟ್ಟಿ ಎಂದು ಕಮಲಾ ಒಳಗಿನಿಂದ ಚಾಟಿ ಬೀಸಿದಳು. ಈ ಸಲ ಬಿಚ್ಚಿ ನೋಡಿದರೆ ವಾಲ್ವು ಒತ್ತಿದ ಕಡೆ ಹಿಟ್ಟು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಉಳಿದಿತ್ತು. ಹಾಗೆಯೇ ಕಟ್ಟಿದ್ದರೆ ಗುಡ್ಡದ ಮೊದಲ ತಿರುವಿನಲ್ಲಿಯೇ ನನ್ನ ಮಾನ ಮೂರು ಕಾಸಿಗೆ ಹೋಗುತ್ತಿತ್ತು.

ಆಮೇಲೆ ಪಿಸ್ಟನ್ನಿನ ತಲೆಯಲ್ಲಿ ವಾಲ್ವು ಕೂರುವಷ್ಟು ತಗ್ಗು ಕೆತ್ತಿದ್ದು ಅವಳೇ. ನನ್ನ ಕಣ್ಣಿಗೆ ಈಗ ಅಷ್ಟು ಸೂಕ್ಷ್ಮ ಕೆಲಸ ಆಗುವುದಿಲ್ಲ. ಸ್ವಲ್ಪ ಕೆತ್ತುವುದು, ಜೋಳದ ಹಿಟ್ಟು ಮೆತ್ತಿ ನೋಡುವುದು, ಮತ್ತೆ ಸ್ವಲ್ಪ ಕೆತ್ತುವುದು. ನೀವು ಶ್ರಾದ್ಧದ ಮಂತ್ರದಲ್ಲಿ ಒಂದು ಸ್ವರ ತಪ್ಪಿದರೂ ಮೊದಲಿನಿಂದ ಹೇಳಿಸುತ್ತೀರಲ್ಲ, ಆ ಮೊಂಡುತನವೇ ಅವಳಿಗೂ ಬಂದಿದೆ. ನಮ್ಮ ಮನೆತನದ ವಿದ್ಯೆ ನನ್ನಲ್ಲಿಗೆ ಮುಗಿಯಿತೆಂದು ನಮ್ಮ ತಂದೆ ನೊಂದಿದ್ದರು. ಮುಗಿದಿಲ್ಲ ಅಣ್ಣಾ, ಅದು ಬೇರೆ ಕೈಗೆ ಬಂದಿದೆ ಅಷ್ಟೇ.

ಪೈಪೋಟಿಯ ದಿನ ಅವಳನ್ನೂ ಸವದತ್ತಿಗೆ ಕರೆದುಕೊಂಡು ಹೋದೆ. ಕಿತ್ತೂರಿನವರ ಗಾಡಿಗೆ ರೇಸಿನ ಕ್ಯಾಮು ಹಾಕಿದ್ದರು. ಕೆಳಗಿನ ನೇರ ರಸ್ತೆಯಲ್ಲಿ ಅದು ಗುಂಡಿನಂತೆ ಹೋಯಿತು. ತಿರುವು ಬಂದದ್ದೇ ಕೆಮ್ಮಲು ಶುರುವಾಯಿತು. ನಮ್ಮ ಬಿ.ಎಸ್.ಎ. ಮುದಕಪ್ಪನನ್ನು ಹೊತ್ತುಕೊಂಡು, ಒಂದೇ ಉಸಿರಿನಲ್ಲಿ ಅದರ ಪಕ್ಕದಿಂದ ಮೇಲೆ ಹೋಯಿತು. ಕಿತ್ತೂರಿನವರು ಪೆಟ್ರೋಲು ಸರಿಯಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಬಹುಮಾನ ಕೊಡುವಾಗ ಗಾಡಿ ಕಟ್ಟಿದ ಮಿಸ್ತ್ರಿ ಯಾರು, ಮುಂದೆ ಬರಲಿ ಎಂದರು. ನಾನು ಲೀಲಾಳ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದೆ. ನಿಜಗುಣಪ್ಪನವರು ಮೈಕಿನಲ್ಲಿ, “ಈ ಗಾಡಿ ಗುಡ್ಡಾ ಹತ್ತಿಸಿದಾಂವ ನಾ ಅಲ್ಲರಿ. ಪಾಂಡುರಂಗಾಚಾರ್ರ ಮಗಳು ಲೀಲಾಬಾಯಿ ಹತ್ತಿಸ್ಯಾರ” ಎಂದರು. ಅವಳಿಗೆ ಹಾರ ಹಾಕಿಸಿದರು. ಜನ ಚಪ್ಪಾಳೆ ತಟ್ಟಿತು. ಉಗುರಿನ ಸಂದಿಯಲ್ಲಿ ಕಪ್ಪು ಮಸಿ ಇದ್ದ ಆ ಕೈಗಳನ್ನು ಅವಳು ಮುಚ್ಚಿಕೊಳ್ಳಲಿಲ್ಲ. ನಾನು ಅತ್ತುಬಿಟ್ಟೆ. ಇಷ್ಟು ವರ್ಷದಲ್ಲಿ ಇಂಥ ಹೆಮ್ಮೆ ನನಗೆ ಆಗಿದ್ದೇ ಇಲ್ಲ.

ವೈನಿಯವರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿ. ಮಕ್ಕಳಿಗೆ ನನ್ನ ಅನಂತ ಆಶೀರ್ವಾದಗಳು. ನಿಮ್ಮ ಆಶೀರ್ವಾದ ನಮ್ಮ ಲೀಲಾಳ ತಲೆಯ ಮೇಲೆ ಸದಾ ಇರಲಿ.

ಇತಿ ನಿಮ್ಮ ತಮ್ಮ,
ಪಾಂಡುರಂಗ

ತಾ.ಕ.: ಆಮೇಲೆ ಬರುತ್ತೇನೆ ಎಂದ ವಿಷಯ. ಸವದತ್ತಿಯ ಆ ಜನರಲ್ಲಿ ಬಾಳಕೃಷ್ಣರಾಯರೂ ನಿಂತಿದ್ದರು. ನನಗೆ ಗೊತ್ತಿರಲಿಲ್ಲ. ಮರುದಿನವೇ ಮನೆಗೆ ಬಂದರು. ಒಳ್ಳೆಯ ಮಾತಿನಲ್ಲಿಯೇ ಮಾತಾಡಿದರು. ಹುಡುಗಿ ನಮಗೆ ಒಪ್ಪಿಗೆಯಾಗಿದ್ದಾಳೆ, ಆದರೆ ಇಂದಿನಿಂದ ಗ್ಯಾರೇಜಿನ ಕೆಲಸ ಮುಟ್ಟಬಾರದು, ನಾಳೆ ತವರಿಗೆ ಬಂದಾಗಲೂ ಮುಟ್ಟಬಾರದು, ಹಾಗೆಂದು ಅವಳೇ ಬಾಯಿಬಿಟ್ಟು ಹೇಳಬೇಕು ಎಂದರು. ಅವಳು ಆಗುವುದಿಲ್ಲ ಎನ್ನುತ್ತಾಳೆ ಎಂದು ನಾನು ಕಾಯುತ್ತ ಕುಳಿತೆ. ಅವಳು “ಆಗ್ಲಿರಿ” ಎಂದಳು. ಅವರು ಹೋದ ಮೇಲೆ ಹೀಗೇಕೆ ಅಂದೆ ಎಂದು ಕೇಳಿದೆ. “ದೊಡ್ಡಪ್ಪ ಮಾತು ಕೊಟ್ಟಾರಪ್ಪಾ. ಅವರ ಮಾತು ನನ್ನಿಂದ ಹೋಗೂದು ಬ್ಯಾಡ” ಎಂದಳು. ಅಂದಿನಿಂದ ಗ್ಯಾರೇಜಿಗೆ ಬಂದಿಲ್ಲ. ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆಯುತ್ತಾಳೆ. ಅಣ್ಣಾ, ಆ ಮಾತು ನಾನು ಕೊಟ್ಟದ್ದಾಗಿದ್ದರೆ ಅಂದೇ ಬಾಗಿಲಲ್ಲಿ ನಿಂತು ತಿರುಗಿ ತೆಗೆದುಕೊಳ್ಳುತ್ತಿದ್ದೆ. ಕೊಟ್ಟವರು ನೀವು.