ಹೊನ್ನಿಯ ಕೊನೆಯ ಏಟು

ಬೆಟಗೇರಿ
೧೮ ನವೆಂಬರ್ ೨೦೨೪

ಸಿಟ್ಟಿನ ಗೆಳತಿ ಕಾವೇರಿಗೆ, ಸೋತ ಸಪ್ನಾಳ ನಮಸ್ಕಾರ.

ಮೂರು ತಿಂಗಳಾಯಿತು, ನೀನು ಫೋನ್ ಎತ್ತುವುದಿಲ್ಲ, ವಾಟ್ಸಾಪಿನಲ್ಲೂ ಬ್ಲಾಕ್ ಮಾಡಿದ್ದೀಯ. ಮುಂಡರಗಿಯ ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವ ಮೊದಲು ಒಂದು ಸುದ್ದಿ ಕೇಳು: ನಿನ್ನ ಹೊನ್ನಿ ಸತ್ತಿಲ್ಲ!

ಆ ಭಾನುವಾರವನ್ನು ನೀನೂ ಮರೆತಿಲ್ಲ, ನಾನೂ ಮರೆತಿಲ್ಲ. ವೀರುವಿನ ಮನೆಯ ಪಡಸಾಲೆಯಲ್ಲಿ ದಾಳ, ಕಾಗದ ಹರವಿಕೊಂಡು, ಒಬ್ಬೊಬ್ಬರು ಒಂದೊಂದು ಪಾತ್ರವಾಗುವ ನಮ್ಮ ಕಥೆಯಾಟ ಆಡುತ್ತಿದ್ದೆವು. ನೀನು ಸೇತುವೆ ಕಾಯುವ ಹೊನ್ನಿ, ವೀರು ಮತ್ತು ರುಹಿ ನಿನ್ನ ಜೊತೆಗಾರರು. ಕಥೆ ನಡೆಸುವವಳೂ ತೀರ್ಪು ಕೊಡುವವಳೂ ನಾನು. ನನ್ನ ರಕ್ಕಸನ ಗದೆ ಬಡಿದು ಹೊನ್ನಿ ನೆಲಕ್ಕುರುಳಿದಳು. ಬೀಳುವಾಗ ಒಂದು ಏಟು ನನ್ನದು ಎಂದು ನೀನು ಹಟ ಹಿಡಿದೆ. ಬಿದ್ದವರು ಹೊಡೆಯುವಂತಿಲ್ಲ ಎಂದು ಆಟದ ನಿಯಮಗಳ ಮೊದಲ ಪುಸ್ತಕ ತೋರಿಸಿದೆ ನಾನು. ಎರಡನೆಯ ಪುಸ್ತಕದಲ್ಲಿ ಕಾವಲುಗಾರರಿಗೆ ಬೇರೆ ನಿಯಮವಿದೆ, ಹುಡುಕು ಎಂದೆ ನೀನು. ಹುಡುಕಿದೆ, ಸಿಗಲಿಲ್ಲ. ಮುಂದಿನ ಏಟಿಗೆ ರಕ್ಕಸ ಹೊನ್ನಿಯನ್ನು ಮುಗಿಸಿದ. ನೀನು ದಾಳ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದೆ. ಅಂದಿನಿಂದ ಆಟವೂ ನಿಂತಿತು.

ನಿನ್ನೆ ರುಹಿಗೆ ಆ ಪುಟ ಸಿಕ್ಕಿತು. ಕಾವಲುಗಾರರು ಬೀಳುವಾಗಲೂ ಒಂದು ಏಟು ಹೊಡೆಯಬಹುದು ಎಂದು ಸ್ಪಷ್ಟವಾಗಿಯೇ ಇದೆ. ಎರಡು ಪುಸ್ತಕ, ಎರಡು ಮಾತು. ಮೂವರೂ ಕಿತ್ತಾಡಿದೆವು. ವೀರುವಿನ ಅಜ್ಜ ದ್ಯಾಮಪ್ಪ ಅಡಿಕೆ ಕತ್ತರಿಸುತ್ತ ಕೇಳುತ್ತಿದ್ದರು. ಒಂದು ಕಾಲಕ್ಕೆ ಕುಸ್ತಿ ಕಣದಲ್ಲಿ ತೀರ್ಪು ಕೊಡುತ್ತಿದ್ದವರು, ಸುಮ್ಮನಿರುತ್ತಾರೆಯೇ? “ಎಲ್ಲಾರಿಗೂ ಇರೋ ಕಾಯ್ದೆ ಒಂದು. ಕುಸ್ತಿಗೆ ಜೋಡಿ ಹಚ್ಚೂಮುಂದ ಒಬ್ಬಾಕಿಗಂತ ಕೊಟ್ಟ ಮಾತು ಇನ್ನೊಂದು. ಎರಡೂ ಎದುರುಬದರ ನಿಂತ್ರ ಕೊಟ್ಟ ಮಾತ ಗೆಲ್ಲಬೇಕವಾ. ಇಲ್ಲಾಂದ್ರ ಯಾಕ ಕೊಡಬೇಕು?” ಅಂದರು. ಹೊನ್ನಿಯನ್ನು ಆರಿಸುವಾಗ ನಿನಗೆ ಕೊಟ್ಟಿದ್ದು ಆ ಎರಡನೆಯ ಪುಸ್ತಕವನ್ನೇ.

ಅಷ್ಟಕ್ಕೇ ಬಿಡಲಿಲ್ಲ ಅಜ್ಜ. ತಪ್ಪು ತೀರ್ಪು ಕೊಟ್ಟವಳೇ ನಿನ್ನ ಪರವಾಗಿ ಆ ಏಟಿನ ದಾಳ ಒಗೆಯಬೇಕಂತೆ. ಆರು ತಿಂಗಳು ಸಾಕಿದ ರಕ್ಕಸನ ಮೇಲೆ ನನ್ನ ಕೈಯಿಂದಲೇ! ಹದಿನೆಂಟು ಬಿದ್ದರೆ ಸಾಕಿತ್ತು. ಇಪ್ಪತ್ತು ಮುಖದ ನಿನ್ನ ನೀಲಿ ದಾಳ ಉರುಳಿ ಉರುಳಿ ಇಪ್ಪತ್ತಕ್ಕೆ ನಿಂತಿತು ಕಣೇ! ರಕ್ಕಸ ಬಿದ್ದ, ಅವನ ಮುಂದಿನ ಏಟೂ ಅವನ ಜೊತೆಗೇ ಹೋಯಿತು, ಹೊನ್ನಿ ಉಳಿದಳು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನೇ. ಪಕ್ಕದ ಮನೆಯ ಮಗ್ಗ ನಿಂತು, ಏನಾಯಿತೆಂದು ಜನ ಇಣುಕಿದರು. ಅಜ್ಜ ತೊಡೆ ತಟ್ಟಿ ಎದ್ದು, ಗೆದ್ದ ಪೈಲ್ವಾನನಿಗೆ ಸುತ್ತುವಂತೆ ತಮ್ಮ ರುಮಾಲನ್ನು ನಿನ್ನ ಖಾಲಿ ಕುರ್ಚಿಗೆ ಸುತ್ತಿದರು. ಅದನ್ನು ಬಿಚ್ಚಲು ನೀನೇ ಬರಬೇಕಂತೆ.

ಬಾರೇ. ನೀನಿಲ್ಲದೆ ಗೆದ್ದರೂ ಅರ್ಧವೇ.

ರಕ್ಕಸನನ್ನು ಕಳೆದುಕೊಂಡು ಕುಣಿಯುತ್ತಿರುವ,
ಸಪ್ನಾ

ತಾ.ಕ.: ಸಿಗಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ರುಹಿ ಕಂಡ ಪುಟದ ಮೇಲೆ ಚಹಾ ಕಪ್ಪಿನ ದುಂಡು ಕಲೆ ಇದೆ. ಆ ಭಾನುವಾರ ಅದನ್ನು ಓದಿಯೇ, ನಿನಗೆ ಕಾಣದಂತೆ ಅದರ ಮೇಲೆ ಚಹಾ ಕಪ್ಪು ಇಟ್ಟವಳು ನಾನು. ವೀರು, ರುಹಿ, ಅಜ್ಜ ಯಾರಿಗೂ ಇನ್ನೂ ಗೊತ್ತಿಲ್ಲ. ಬರುವ ಭಾನುವಾರ ನೀನು ಬಂದು ಕುಳಿತ ಮೇಲೆ ಎಲ್ಲರೆದುರು ಹೇಳುತ್ತೇನೆ.