ಕೀಳದೆ ಬಿಟ್ಟ ಎರಡು ಟರ್ನಿಪ್

ಬೆಳಗಾವಿ, ಇಸವಿ 2231, ಫಾಲ್ಗುಣದ ನಲವತ್ತೊಂದನೆಯ ದಿನ

ನನಗಿಂತ ಇನ್ನೂರು ವರ್ಷ ಹಿಂದೆ ಹಿತ್ತಲು ಮಾಡುತ್ತಿರುವವರಿಗೆ,

ತಾರೀಖು ತಪ್ಪಿಲ್ಲ. ಬೀಜ ಒಣಗಿ ಡಬ್ಬಿ ಸೇರುವ ತನಕ ನಾವು ವರ್ಷ ಮುಗಿಸುವುದಿಲ್ಲ, ಯುಗಾದಿ ಕಾಯುತ್ತದೆ. ನಡುವೆ ನಿಮಗೆ ಗೊತ್ತಿಲ್ಲದ ಮಾತು ಬಂದರೆ ಮನ್ನಿಸಿ.

ನಮ್ಮ ಓಣಿಯಲ್ಲಿ ಟರ್ನಿಪ್ ಬೆಳೆಯುವುದು ತಂಪುಗೋಡೆಯ ನೆರಳಿನಲ್ಲಿ. ಎರಡು ಮಣ್ಣಿನ ಗೋಡೆಗಳ ನಡುವೆ ಒದ್ದೆ ಮರಳು ತುಂಬಿದರೆ ಅದೇ ತಂಪುಗೋಡೆ. ಬೆಳಿಗ್ಗೆ ಎರಡು ಕೊಡ ನೀರು ಕುಡಿದು, ಸಂಜೆಯವರೆಗೆ ಪಾತಿಯ ಮಣ್ಣನ್ನು ತಣ್ಣಗಿಡುತ್ತದೆ. ಬೀಜವನ್ನು ಉಗುರಿನಷ್ಟೇ ಆಳಕ್ಕೆ ಹಾಕುತ್ತೇವೆ. ಒತ್ತಾಗಿ ಬಂದ ಸಸಿಗಳನ್ನು ಕಿತ್ತು ಸಾರಿಗೆ ಹಾಕುತ್ತೇವೆ. ಗಡ್ಡೆಯ ನೇರಳೆ ಭುಜ ಮಣ್ಣಿನಿಂದ ಹೊರಗೆ ಕಂಡರೆ ಕೀಳುವ ಹೊತ್ತು. ಎಲ್ಲಕ್ಕಿಂತ ದುಂಡಗಿನದೊಂದನ್ನು ಮಾತ್ರ ಪ್ರತಿ ಮನೆಯೂ ಬೀಜಕ್ಕೆ ಉಳಿಸಬೇಕು. ಅದಕ್ಕೆ ಬಿಟ್ಟಗಡ್ಡೆ ಎನ್ನುತ್ತೇವೆ.

ಹೋದ ವರ್ಷ ಉಳಿದವರೆಲ್ಲ ಆಸೆ ತಡೆಯದೆ ಅದನ್ನೂ ಕಿತ್ತು ತಿಂದರು. ನಾನೊಬ್ಬಳೇ ನಿಯಮ ಪಾಲಿಸಿದೆನೆಂದು ಒಳಗೊಳಗೆ ಬೀಗಿದೆ. ನನ್ನ ಗಿಡ ಎದೆಯೆತ್ತರ ಬೆಳೆದು ಹಳದಿ ಹೂ ಬಿಟ್ಟಿತು, ಜೇನೂ ಬಂತು. ಕಾಯಿ ಬಿಡಿಸಿದರೆ ಒಳಗೆ ಏನೂ ಇಲ್ಲ. ಟರ್ನಿಪ್ ತನ್ನದೇ ಪರಾಗದಿಂದ ಕಾಳು ಕಟ್ಟುವುದಿಲ್ಲ. ಹತ್ತಿರದಲ್ಲಿ ಇನ್ನೊಂದು ಗಿಡ ಹೂ ಬಿಟ್ಟಿರಬೇಕು. ಇಷ್ಟೆಲ್ಲ ಓದಿದ ನನಗೆ ಅದು ಗೊತ್ತಿರಲಿಲ್ಲ.

ಓಣಿಯಲ್ಲಿ ಉಳಿದಿದ್ದ ಕೊನೆಯ ಚಿಟಿಕೆ ಬೀಜವನ್ನು ಈ ಸಲ ನಾನೂ ಪಕ್ಕದ ಮನೆಯ ಫಕೀರವ್ವನೂ ಹಂಚಿಕೊಂಡು ಬಿತ್ತಿದೆವು. ಹುಳ ತಿಂದು ಉಳಿದದ್ದು ನನ್ನದೊಂದು, ಅವಳದೊಂದು. ಅವಳದು ಬಸುರಿ ಮಗಳು ಸಾವಂತ್ರಿಯ ಬಯಕೆಗೆ ಮೀಸಲಾಗಿತ್ತು. ಕೇಳಬಾರದಿತ್ತು, ಆದರೂ ಹೋಗಿ ಅದನ್ನು ಕೀಳದೆ ಹೂವಿಗೆ ಬಿಡು ಎಂದು ಕೇಳಿದೆ.

“ಯಾಕವಾ, ನಿನ್ನ ಗಡ್ಡಿಗೆ ಗಂಡ ಬೇಕಾಗ್ಯಾನೇನ?” ಎಂದು ಫಕೀರವ್ವ ನಕ್ಕಳು.

“ಹೂಂ ಅನ್ಕೋ ಅಕ್ಕಾ. ಈ ಸಲ ಕಾಳ ಆಗ್ಲಿಲ್ಲಂದ್ರ ಮುಂದ ಯಾರ ಮನ್ಯಾಗೂ ಗಡ್ಡಿ ಇಲ್ಲ.”

ನಗು ನಿಂತಿತು. “ಬಯಕಿ ತಪ್ಪಿಸಿದ್ರ ಹುಟ್ಟೋ ಕೂಸಿನ ಕಿವಿ ಸೋರ್ತದ. ಆಗ ನೀ ಬರ್ತೀಯೇನ ಒರಸಾಕ?”

ಒಳಗಿನಿಂದ ಸಾವಂತ್ರಿಯೇ ಕೂಗಿ ಹೇಳಿದಳು: “ಅವ್ವಾ, ನಾಕ ಎಲಿ ಕೊಯ್ದು ಪಲ್ಯಾ ಮಾಡು, ಸಾಕು. ಗಡ್ಡಿ ಕೂಸಿಗಿರ್ಲಿ. ಹಲ್ಲ ಬಂದ ಮ್ಯಾಲೆ ತಿಂತದ.”

ಫಕೀರವ್ವ ಗೊಣಗುತ್ತಲೇ ನಾಲ್ಕು ಎಲೆ ಕೊಯ್ದಳು. ಗಡ್ಡೆಯನ್ನು ಕೀಳಲಿಲ್ಲ.

ಇಂದು ಬೆಳಿಗ್ಗೆ ಅವಳ ಅಂಗೈಯಲ್ಲಿ ಒಣಗಿದ ಕಾಯಿಯೊಂದನ್ನು ಒಡೆದೆವು. ಹದಿಮೂರು ಕಾಳು, ಕಂದು ಬಣ್ಣ, ರಾಗಿಯ ಗಾತ್ರ. ಇಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು, ಹಾರಿಹೋದೀತೆಂಬ ಭಯ.

ನಿಮಗೆ ಬೀಜ ಅಂಗಡಿಯಲ್ಲೇ ಸಿಗುತ್ತದಂತೆ. ಆದರೂ ಈ ಚಳಿಗಾಲ ನಿಮ್ಮ ಹಿತ್ತಲಿನ ಚೆಂದದ ಗಡ್ಡೆಗಳಲ್ಲಿ ಎರಡನ್ನು ಕೀಳದೆ ಬಿಡಿ. ಜಾಗ ಒಂದಕ್ಕೇ ಇದ್ದರೆ ಪಕ್ಕದ ಮನೆಗೆ ಹೋಗಿ, ಅವರದನ್ನೂ ಬಿಡಲು ಕೇಳಿ. ಬೈದರೆ ಬೈಸಿಕೊಳ್ಳಿ.

ಇಂತಿ,
ಮಂದಾಕಿನಿ