ಎರಡನೆಯ ಚರಣದಲ್ಲಿರುವ ಗಂಡನಿಗೆ

ಬರ್ಮಿಂಗ್‌ಹ್ಯಾಮ್
14 ಅಕ್ಟೋಬರ್ 1974

ಪ್ರೀತಿಯ ಡೆಸ್,

ನಿನ್ನ ಕಾಗದ ತಲುಪಿತು. ‘ನನ್ನ ಬಂಗಾರ’, ‘ನನ್ನ ಕಣ್ಣೇ’, ‘ನೀನಿಲ್ಲದೆ ನಾನಿಲ್ಲ’ ಎಂದೆಲ್ಲ ಓದುತ್ತ ಹೋದಂತೆ ನನಗೆ ಭಯವೇ ಆಯಿತು. ಮದುವೆಯಾದಾಗಿನಿಂದ ನೀನು ನನ್ನನ್ನು ‘ಏ ಗ್ಲೆನಿಸ್’ ಎಂದು ಕೂಗಿದ್ದೇ ಹೆಚ್ಚು. ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಯಾಕಪ್ಪಾ ಉಕ್ಕಿತು ಎಂದು ಹಾಳೆ ತಿರುಗಿಸಿದರೆ ಕೊನೆಯಲ್ಲಿ ಸಣ್ಣದೊಂದು ಕೋರಿಕೆ: ಗಿಟಾರ್ ಕಳಿಸು, ಅದರ ಪೆಟ್ಟಿಗೆಯಲ್ಲೇ ಕಳಿಸು, ಪೆಟ್ಟಿಗೆ ತೆರೆಯುವ ತೊಂದರೆ ತೆಗೆದುಕೊಳ್ಳಬೇಡ.

ಡೆಸ್, ಇದು ಎರಡನೆಯ ಚರಣ.

ನಗಬೇಡ. ‘ಭಾನುವಾರ ಮಾತ್ರ’ ಹಾಡನ್ನು ನೀನು ಕಟ್ಟಿದ್ದು ನಮ್ಮ ಸ್ನಾನದ ಮನೆಯಲ್ಲಿ. ಬಾಗಿಲ ಹೊರಗೆ ಟವೆಲ್ ಹಿಡಿದು, ಒಳಗೆ ಹೋಗುವ ಅವಸರ ತಡೆದುಕೊಂಡು ನಿಂತಿದ್ದವಳು ನಾನು. ಇಡೀ ದೇಶ ಕುಣಿಯುವ ಮೊದಲೇ ನನಗದು ಬಾಯಿಪಾಠ. ಮೊದಲ ಚರಣದಲ್ಲಿ ಹಾಡಿನೊಳಗಿನ ಮನುಷ್ಯ ಜಂಬ ಕೊಚ್ಚಿಕೊಳ್ಳುತ್ತಾನೆ: ಹೆರಾಯಿನ್ ಭಾನುವಾರ ಮಾತ್ರ, ಬೇಕೆಂದಾಗ ಬಿಡಬಲ್ಲೆ ಅಂತ. ಎರಡನೆಯದರಲ್ಲಿ ಗಿಟಾರ್ ಮೆಲ್ಲಗೆ ಗುನುಗುತ್ತದೆ, ಅವನು ಹೆಂಡತಿಗೆ ಬೆಣ್ಣೆ ಹಚ್ಚುತ್ತಾನೆ. ಮೂರನೆಯದರಲ್ಲಿ ಡ್ರಮ್ಮು ದಡಬಡ. ಹೆತ್ತ ತಾಯಿಯಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಬೈಗುಳ. ನಾಲ್ಕನೆಯದರಲ್ಲಿ ಅಳು, ಆಣೆ, ಪ್ರಮಾಣ. ಅದು ಮುಗಿಯಿತು ಎನ್ನುವಷ್ಟರಲ್ಲಿ ಮೊದಲಿನ ರಾಗವೇ ಮತ್ತೆ ಶುರು. ರೆಕಾರ್ಡ್ ಮಾಡುವಾಗ ಎಲ್ಲಿ ನಿಲ್ಲಿಸಬೇಕೆಂದು ನಿಮ್ಮ ತಂಡದಲ್ಲಿ ಒಬ್ಬನಿಗೂ ಹೊಳೆಯದೆ ಬಾರಿಸುತ್ತಲೇ ಇದ್ದಿರಿ. ಸ್ಟುಡಿಯೋದವನಿಗೆ ಹಸಿವಾಗಿ, ಸದ್ದು ತಗ್ಗಿಸುತ್ತ ತಗ್ಗಿಸುತ್ತ ಹಾಡು ಮುಗಿಸಿ ಊಟಕ್ಕೆ ಹೋದ. ಪತ್ರಿಕೆಯವರು ಅದನ್ನೇ ‘ಅದ್ಭುತ ಅಂತ್ಯ’ ಎಂದು ಹೊಗಳಿದರು. ಅಂತ್ಯ ಎಲ್ಲಿತ್ತೋ ಮಹರಾಯ!

ಹಾಡು ನಿಜಕ್ಕೂ ಚೆನ್ನಾಗಿದೆ. ನನ್ನ ಹೊಟ್ಟೆಯುರಿಯೇ ಅದು. ಇಷ್ಟೆಲ್ಲ ಗೊತ್ತಿದ್ದು ಬರೆದವನು ಅದೇ ಗುಂಡಿಗೆ ಬೀಳುತ್ತಾನಲ್ಲ! ಆಸ್ಪತ್ರೆ ಸೇರಿದ ಮೇಲೆ ನೀನು ಬರೆದ ಮೊದಲ ಕಾಗದ ನೆನಪಿದೆಯೇ? ‘ನನಗೇನಾಗಿದೆ ದಾಡಿ, ಇವರೆಲ್ಲ ಸುಮ್ಮನೆ ಗಾಬರಿ ಬೀಳ್ತಾರೆ’ ಎಂದಿದ್ದೆ. ಅದು ಮೊದಲ ಚರಣ, ಈಗ ಬಂದದ್ದು ಎರಡನೆಯದು. ಮುಂದಿನ ಕಾಗದದಲ್ಲಿ ಬೈಗುಳ ಬರುತ್ತದೆಂದು ಅತ್ತೆಗೆ ಆಗಲೇ ಹೇಳಿದ್ದೇನೆ. ‘ಬರಲಿ ಬಿಡು, ಕಾಗುಣಿತ ತಿದ್ದಿ ವಾಪಸ್ ಕಳಿಸ್ತೀನಿ’ ಎಂದರು.

ನಿನ್ನಮ್ಮನ ಪ್ರತಾಪ ಇನ್ನೂ ಕೇಳು. ಮೊನ್ನೆ ಕವೆಂಟ್ರಿಯಿಂದ ಇಬ್ಬರು ಉದ್ದಕೂದಲಿನ ಗಂಡಸರು ಬಂದು ಗೇಟಿನ ಹತ್ತಿರ ನಿಂತರು. ‘ಅಮ್ಮಾ, ಡೆಸ್ ಅವರ ಆ ಹಾಡು ಅಂದ್ರೆ ನಮ್ಗೆ ಪ್ರಾಣ. ಇದು ನಮ್ಮ ಕಾಣಿಕೆ’ ಎಂದು ಭಯಭಕ್ತಿಯಿಂದ ಒಂದು ಪೊಟ್ಟಣ ಚಾಚಿದರು. ಅದೇ ಪುಡಿ! ನೀನು ಅಳುತ್ತ ಹಾಡಿದ್ದಕ್ಕೆ ಇವರ ಮೆಚ್ಚುಗೆ ಹೀಗೆ. ಅತ್ತೆ ಪೊರಕೆ ಕೆಳಗಿಡದೆ ಕೇಳಿದರು: ‘ಆ ಹಾಡು ಕೇಳಿದ್ದೀರೇನ್ರೋ, ಇಲ್ಲಾ ಬರೀ ತಲೆ ಆಡ್ಸಿದ್ದೀರಾ? ಮೂರನೇ ಚರಣದಲ್ಲಿ ಬೈಸ್ಕೊಳ್ಳೋ ಅಮ್ಮ ಇದಾಳಲ್ಲ, ಅವ್ಳೇ ನಾನು!’ ಇಬ್ಬರ ಮುಖವೂ ಸುಣ್ಣ ಬಳಿದಂತಾಯಿತು. ಆಮೇಲೆ ಒಳಗೆ ಕೂರಿಸಿ ಚಹಾ, ಬ್ರೆಡ್ ಪುಡಿಂಗ್ ಕೊಟ್ಟು, ಚೆನ್ನಾಗಿ ಉಗಿದು ಕಳಿಸಿದರು. ಹೋಗುವಾಗ ಒಬ್ಬ ಕಣ್ಣೊರೆಸಿಕೊಳ್ಳುತ್ತ ಅತ್ತೆಯ ಹಸ್ತಾಕ್ಷರ ಬೇಡಿದ. ಅವರು ಹಾಕಿಯೂ ಕೊಟ್ಟರು, ನಿನಗಿಂತ ದೊಡ್ಡದಾಗಿ.

ಹಾಗಾಗಿ ಅತ್ತೆಗೆ ಈಗ ಪುಡಿಯ ಗುರುತು ಸಿಗುತ್ತದೆ. ನಿನ್ನ ಪೆಟ್ಟಿಗೆಯನ್ನು ತೆರೆದದ್ದು ಅವರೇ. ತಂತಿ ಇಡುವ ಗೂಡಿನಲ್ಲಿ, ಕಾಲುಚೀಲದೊಳಗೆ ಪೊಟ್ಟಣ ಸಿಕ್ಕಿತು. ನೇರ ಶೌಚಾಲಯಕ್ಕೆ ಹೋಗಿ ಸುರಿದು ಫ್ಲಶ್ಶಿನ ಸರಪಳಿ ಎಳೆದರು. ನಮ್ಮ ಸರಪಳಿಯ ಕಥೆ ಗೊತ್ತಲ್ಲ, ಒಂದೇ ಎಳೆತಕ್ಕೆ ಯಾವತ್ತು ನೀರು ಬಿಟ್ಟಿದೆ? ಟ್ಯಾಂಕು ತುಂಬುವವರೆಗೂ ಅಲ್ಲೇ ನಿಂತು, ಚರ್ಚಿನ ಸ್ತುತಿಗೀತೆಯನ್ನು ಗಟ್ಟಿಯಾಗಿ ಹಾಡಿ, ಮತ್ತೆ ಎಳೆದರು. ಪಕ್ಕದ ಮನೆಯವರು ಗೋಡೆ ಬಡಿದರು. ಆಮೇಲೆ ಅಡಿಗೆಮನೆಗೆ ಬಂದು ಆಲೂಗೆಡ್ಡೆ ಸುಲಿಯುತ್ತ ಬಹಳ ಹೊತ್ತು ಅತ್ತರು.

ಇನ್ನೊಂದು ಸಲ ಶುರು ಮಾಡಿದರೆ ನಿನ್ನ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದಾರೆ. ನಿನಗೂ ಹೇಳಿದ್ದಾರೆ. ನನಗೆ ವಿಧವೆಯಾಗುವ ಆಸೆಯಿಲ್ಲ, ಡೆಸ್. ಆ ಹಾಡಿನ ವಿಧವೆಯಾಗಿ ಟಿ.ವಿ.ಯವರ ಮುಂದೆ ಕೂರುವ ಆಸೆಯಂತೂ ಮೊದಲೇ ಇಲ್ಲ.

ಗಿಟಾರನ್ನು ಅತ್ತೆಯ ಕಂಬಳಿಯಲ್ಲಿ ಸುತ್ತಿ ಶನಿವಾರ ನಾನೇ ಬಸ್ಸಿನಲ್ಲಿ ತರುತ್ತೇನೆ. ಅಷ್ಟರಲ್ಲಿ ನಿನಗೆ ಮೂರನೆಯ ಚರಣ ಹತ್ತಿದ್ದರೆ ಬೈದುಕೋ. ಮುಗಿಯುವವರೆಗೂ ಹೊರಗಿನ ಬೆಂಚಿನ ಮೇಲೆ ಸ್ವೆಟರ್ ಹೆಣೆಯುತ್ತ ಕೂತಿರುತ್ತೇನೆ.

ಬೈಸಿಕೊಳ್ಳಲು ತಯಾರಾಗಿರುವ,
ನಿನ್ನ ಗ್ಲೆನಿಸ್

ತಾ.ಕ.: ಪೆಟ್ಟಿಗೆಯನ್ನು ಅತ್ತೆ ತೆರೆದರು ಎಂದು ಬರೆದೆ. ಅವರಿಗಿಂತ ಮೊದಲು ತೆರೆದವಳು ನಾನು. ಪೊಟ್ಟಣ ನೋಡಿ, ಇದ್ದಲ್ಲೇ ಇಟ್ಟು, ಮುಚ್ಚಿ, ಅಂಚೆ ಕಚೇರಿಗೆ ಹೊತ್ತುಕೊಂಡು ಹೋಗಿದ್ದೆ. ಕಿಟಕಿಯಲ್ಲಿದ್ದ ಹೆಂಗಸು ಒಳಗೇನಿದೆ ಎಂದು ಕೇಳಿದಳು. ‘ಬರೀ ಗಿಟಾರು ಕಣಮ್ಮ, ಇನ್ನೇನಿರತ್ತೆ’ ಎಂದು ಎಷ್ಟು ಸಿಹಿಯಾಗಿ ಹೇಳಿದೆನೆಂದರೆ, ನನ್ನ ದನಿಗೆ ನಾನೇ ಬೆಚ್ಚಿಬಿದ್ದು ಮನೆಗೆ ಬಂದು ಪೆಟ್ಟಿಗೆಯನ್ನು ಅತ್ತೆಯ ಮುಂದಿಟ್ಟೆ. ದಯವಿಟ್ಟು ಇನ್ನೊಮ್ಮೆ ಅಷ್ಟು ಪ್ರೀತಿಯಿಂದ ಬರೆಯಬೇಡ. ಬರೆದರೆ ಕಳಿಸಿಬಿಡುತ್ತೇನೆ.